ನೀರಿಗೆ ಅಂಜಿದವನು

"ತಲೆ ಕಡೆ ಎತ್ತಿ! ಕಾಲ್ ಕಡೆ ಅಲ್ಲ ಮಾರಾಯ್ರೇ, ತಲೆ ಕಡೆ!"

ಶವಪೆಟ್ಟಿಗೆ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಹಾಕಿಕೊಂಡಿತ್ತು. ಅದರ ಮುಂದಿನ ಮೂಲೆ ಉಪದೇಶಿಯ ಹೆಗಲ ಮೇಲಿತ್ತು. ಬೆನ್ನು ಗೋಡೆಗೆ ಉಜ್ಜಿ ಅವನ ಕರಿಕೋಟಿಗೆಲ್ಲ ಸುಣ್ಣ ಮೆತ್ತಿಕೊಂಡಿತ್ತು.

"ಈ ಮೆಟ್ಟಿಲಲ್ಲಿ ದಿನಾ ಏಣಿ ಹೊತ್ಕೊಂಡು ಹತ್ತಿ ಇಳೀತಿದ್ದ, ಪುಣ್ಯಾತ್ಮ" ಎಂದ ಸತ್ತವನ ಭಾವಮೈದ, ಏದುಸಿರು ಬಿಡುತ್ತಾ. "ಒಂದಿನಾನೂ ಗೋಡೆಗೆ ತಾಗಿಸಿಲ್ಲ. ಈಗ ನೋಡಿ, ಅವನನ್ನೇ ಇಳಿಸೋಕೆ ನಮಗೆ ಬರ್ತಿಲ್ಲ."

ಉಪದೇಶಿ ಎಂಬುದು ಜನ ಇಟ್ಟ ಹೆಸರು. ಹೊಟ್ಟೆಪಾಡಿಗೆ ಅವನದು ಬಣ್ಣದ ಅಂಗಡಿ. ಆದರೆ ಬಂದ ಗಿರಾಕಿಗೆ ಡಬ್ಬಿಯ ಜೊತೆ ನಾಲ್ಕು ದೇವರ ಮಾತನ್ನೂ ಕಟ್ಟಿಕೊಡದೆ ಕಳಿಸಿದವನಲ್ಲ. ವಾದಕ್ಕೆ ನಿಂತರಂತೂ ಎದುರಿನವನ ಬೆವರಿಳಿಸಿಯೇ ಬಿಡುತ್ತಿದ್ದ. ಪೆಟ್ಟಿಗೆಯಲ್ಲಿ ಮಲಗಿದ್ದ ಪೇಂಟರ್ ಅವನ ಹಳೆಯ ಗಿರಾಕಿ, ಯಾವ ಚರ್ಚಿನ ಸಭೆಗೂ ಸೇರದವನು. ಹಾಗಾಗಿ ಗುಂಡಿಯ ಹತ್ತಿರ ನಾಲ್ಕು ಮಾತಾಡಲು ಬೇರೆ ಯಾರೂ ಇರಲಿಲ್ಲ.

"ನೀವೇ ಮಾತಾಡ್ಬೇಕು ಅಣ್ಣಾ" ಎಂದು ಪೇಂಟರನ ಹೆಂಡತಿ ಬೆಳಿಗ್ಗೆಯೇ ಕೇಳಿಕೊಂಡಿದ್ದಳು. "ಅವರಿಗೆ ದೇವರು ಅಂದ್ರೆ ನೀವು ಹೇಳಿದ್ದೇ."

ಆ ಮಾತಿಗೆ ಉಪದೇಶಿ ಒಳಗೊಳಗೇ ಉಬ್ಬಿಹೋಗಿದ್ದ. ಸಾವಿನ ಮನೆಯಲ್ಲಿ ಉಬ್ಬುವುದು ತರವಲ್ಲವೆಂದು ಮುಖ ಮಾತ್ರ ಬಿಗಿದುಕೊಂಡಿದ್ದ. ಮೇಲಾಗಿ, ಎದುರು ಬೀದಿಯ ಸಭೆಯ ಬಡಗಿಯೂ ಸಾವಿಗೆ ಬಂದಿದ್ದ. ಅವನ ಕಿವಿಗೆ ಬೀಳಲೆಂದೇ ಉಪದೇಶಿ ಭಾಷಣದಲ್ಲಿ ಎರಡು ಚುಚ್ಚುಮಾತು ಸೇರಿಸಿಟ್ಟುಕೊಂಡಿದ್ದ.

*

ಪೇಂಟರ್ ಬದುಕಿದ್ದಾಗ, ಅಂಗಡಿಯ ಬಣ್ಣ ಕಲಸುವ ಯಂತ್ರಕ್ಕೆ ಡಬ್ಬಿ ಸಿಕ್ಕಿಸಿದರೆ ಅದು ಗಡಗಡ ಅಲುಗಾಡಿ ನಿಲ್ಲುವವರೆಗೆ ಅವನು ಎಲ್ಲಿಗೂ ಹೋಗುವಂತಿರಲಿಲ್ಲ. ಅಷ್ಟು ಹೊತ್ತೂ ಅವನ ಕಿವಿ ಉಪದೇಶಿಯ ಸ್ವಂತ ಆಸ್ತಿ.

ಎದುರು ಬೀದಿಯವರು ದೀಕ್ಷಾಸ್ನಾನವೆಂದು ಹಣೆಗೆ ನಾಲ್ಕು ಹನಿ ಚಿಮುಕಿಸಿ ಕಳಿಸುತ್ತಾರೆ ಎಂಬುದು ಉಪದೇಶಿಯ ದೊಡ್ಡ ತಕರಾರು. ಅವನ ಸಭೆಯಲ್ಲಾದರೆ ಆಳನ್ನು ಪೂರ್ತಿ ನೀರಿನಲ್ಲಿ ಮುಳುಗಿಸಿ ಎಬ್ಬಿಸುತ್ತಿದ್ದರು.

"ನೀನೇ ಹೇಳು" ಎಂದಿದ್ದ ಒಮ್ಮೆ. "ಬ್ರಶ್ಶಿಗೆ ಬಣ್ಣ ಚಿಮುಕಿಸ್ತೀಯೋ, ಬಣ್ಣದಲ್ಲಿ ಬ್ರಶ್ ಅದ್ದುತೀಯೋ?"

"ಅದ್ದೋದೇ ಅಣ್ಣಾ. ಆದ್ರೆ ಬುಡದ ತನಕ ಅದ್ದಿದ್ರೆ ಬ್ರಶ್ ಹಾಳಾಗ್ತದೆ."

"ಬ್ರಶ್ಶಿನ ಮಾತು ಬಿಡಯ್ಯ! ನಾನು ಮನುಷ್ಯನ ಮಾತು ಹೇಳ್ತಿರೋದು. ನೆತ್ತಿ ಮುಳುಗಬೇಕು."

ಪೇಂಟರ್ ನಕ್ಕಿದ್ದ. ಆಮೇಲೆ ನಗು ನಿಲ್ಲಿಸಿ, "ನಂಗೆ ನೀರು ಅಂದ್ರೆ ಆಗಲ್ಲ ಅಣ್ಣಾ" ಎಂದಿದ್ದ. "ನಮ್ಮಣ್ಣ ಹೊಳೇಲಿ ಹೋದ. ದಡದಲ್ಲಿ ನಿಂತು ನೋಡ್ತಿದ್ದೆ. ಆಗಿಂದ ತಲೆ ಮೇಲೆ ಚೊಂಬು ನೀರು ಹುಯ್ಕೊಂಡ್ರೂ ಉಸಿರು ಕಟ್ತದೆ."

ಉಪದೇಶಿ ಪಾಪ ಎಂದು ಲೊಚಗುಟ್ಟಿದ್ದ. ಹೆಚ್ಚೇನೂ ಕೇಳಿರಲಿಲ್ಲ.

ಇನ್ನೊಂದು ದಿನ ಅಂಗಡಿಯಲ್ಲಿ ಯಾರೂ ಇರಲಿಲ್ಲ. ಪೇಂಟರ್ ಕೌಂಟರಿಗೆ ಒರಗಿ ತನ್ನ ಅಂಗೈಯನ್ನೇ ನೋಡುತ್ತಾ ನಿಂತಿದ್ದ. ಉಗುರಿನ ಸಂದಿಯಲ್ಲಿ ಬಿಳಿ ಬಣ್ಣ ಒಣಗಿತ್ತು.

"ಅಣ್ಣಾ, ಈ ಕೈಯಲ್ಲಿ ನನ್ ಹೆಂಡ್ತೀನ ಹೊಡ್ದಿದೀನಿ. ಆಗ ಕುಡೀತಿದ್ದೆ. ಕುಡಿಯೋದು ಬಿಟ್ಟೆ, ಹೊಡೆಯೋದೂ ಬಿಟ್ಟೆ. ಅವಳು ಮರೆತಿದೀನಿ ಅಂತಾಳೆ. ನಂಗೆ ಮರೆಯೋಕಾಗ್ತಿಲ್ಲ. ನಿಮ್ಮ ಯೇಸು ನನ್ನಂಥವನನ್ನ ಏನ್ ಮಾಡ್ತಾನೆ?"

ಉತ್ತರ ಉಪದೇಶಿಯ ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟರಲ್ಲಿ ವಾರ್ನಿಶ್ ಬೇಕೆಂದು ಬಡಗಿ ಒಳಬಂದ. ಬಂದವನು ಸುಮ್ಮನಿರದೆ, "ಏನು, ಇವತ್ತು ಯಾರನ್ನ ಮುಳುಗಿಸ್ತಿದೀರಿ?" ಎಂದು ಕೆಣಕಿದ. ಉಪದೇಶಿಗೆ ಅಷ್ಟೇ ಸಾಕಾಯಿತು. ನೆತ್ತಿ ಮುಳುಗದವನಿಗೆ ದೇವರ ರಾಜ್ಯದ ಬಾಗಿಲೇ ಇಲ್ಲ ಎಂದು ಕೌಂಟರ್ ಗುದ್ದಿ ಗುದ್ದಿ ಹೇಳಿದ. ಅವನ ಸಭೆಯೂ ಹಾಗೆ ಕಲಿಸುತ್ತಿರಲಿಲ್ಲ. ಆದರೆ ಬಡಗಿಯ ಬಾಯಿ ಮುಚ್ಚಿಸಲು ಆ ಹೊತ್ತಿಗೆ ಅದೇ ಕೈಗೆ ಸಿಕ್ಕಿತು. ಬಡಗಿ ಮುಖ ಸಣ್ಣದು ಮಾಡಿಕೊಂಡು ಹೋದ.

ಗೆದ್ದ ಖುಷಿಯಲ್ಲಿ ತಿರುಗಿ ನೋಡಿದರೆ ಯಂತ್ರ ಯಾವಾಗಲೋ ನಿಂತಿತ್ತು. ಪೇಂಟರ್ ತಾನೇ ಡಬ್ಬಿ ತೆಗೆದುಕೊಂಡು ಹೊರಟುಹೋಗಿದ್ದ. ನಾಳೆ ಬಂದಾಗ ಹೇಳಿದರಾಯಿತು ಎಂದುಕೊಂಡ ಉಪದೇಶಿ. ಮರುದಿನ ಪೇಂಟರ್ ಬಂದ, ಆ ಪ್ರಶ್ನೆ ಮಾತ್ರ ಮತ್ತೆ ಎತ್ತಲಿಲ್ಲ. ಉಪದೇಶಿಗೂ ನೆನಪಾಗಲಿಲ್ಲ.

*

ಸ್ಮಶಾನಕ್ಕೆ ಹೋಗುವ ವ್ಯಾನಿನಲ್ಲಿ ಪೇಂಟರನ ಹೆಂಡತಿ ಉಪದೇಶಿಯ ಎದುರಿಗೆ ಕೂತಿದ್ದಳು. ಅತ್ತೂ ಅತ್ತೂ ಅವಳ ದನಿ ಕಟ್ಟಿಹೋಗಿತ್ತು.

"ಒಂದು ಮಾತು ಕೇಳಲಾ ಅಣ್ಣಾ? ತಪ್ಪು ತಿಳ್ಕೋಬೇಡಿ."

"ಕೇಳಮ್ಮ."

"ಬೆಳಿಗ್ಗೆ ಎದ್ದು ಬಕೆಟ್ಟಲ್ಲಿ ನೀರು ತುಂಬ್ಕೊಂಡು ಮುಖ ಅದ್ದೋರು. ಮೊದಲು ಗದ್ದ, ಆಮೇಲೆ ಮೂಗು. ಕೈಕಾಲು ಗಡಗಡ ಅನ್ನೋದು. ಬೇಡ ಬಿಡಿ ಅಂದ್ರೆ ಕೇಳ್ತಿರಲಿಲ್ಲ. 'ಇವತ್ತು ಕಿವಿ ತನಕ ಹೋದೆ ಕಣೇ' ಅಂತ ಮಗು ಥರ ಬಂದು ಹೇಳೋರು."

"ಯಾಕಮ್ಮ?"

ಅವಳು ಅಚ್ಚರಿಯಿಂದ ಅವನ ಮುಖ ನೋಡಿದಳು.

"ನೀವೇ ಹೇಳಿದ್ರಂತಲ್ಲ? ನೆತ್ತಿ ಮುಳುಗದೆ ದೇವರು ಒಳಗೆ ಸೇರಿಸಲ್ಲ ಅಂತ. ಧೈರ್ಯ ಬಂದ ದಿನ ಅಂಗಡಿ ಅಣ್ಣನ ಹತ್ರ ಹೋಗಿ ದೀಕ್ಷಾಸ್ನಾನ ತಗೋತೀನಿ ಅಂತಿದ್ರು. ನೆತ್ತಿ ಒಂದನ್ನ ಮುಳುಗಿಸೋಕಾಗ್ಲಿಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಈಗ ಅವರನ್ನ ಒಳಗೆ ಬಿಡ್ತಾರಾ ಅಣ್ಣಾ?"

ಪಕ್ಕದಲ್ಲಿ ಕೂತಿದ್ದ ಬಡಗಿ ಮುಖ ಆ ಕಡೆ ತಿರುಗಿಸಿಕೊಂಡ. ಅವನು ಕಣ್ಣಿಗೆ ಕಣ್ಣು ಕೊಟ್ಟು ಹಂಗಿಸಿದ್ದರೂ ಉಪದೇಶಿಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೆ ಅನ್ನಿಸಿತು. ಬಕೆಟ್ಟಿನ ಮುಂದೆ ಮಂಡಿಯೂರಿ ನಡುಗುತ್ತಿದ್ದವನು ಕಣ್ಣ ಮುಂದೆ ಬಂದ. ಆ ನಡುಕ ತಾನೇ ಕಟ್ಟಿಕೊಟ್ಟದ್ದು.

"ಹೇಳ್ತೀನಮ್ಮ" ಎಂದ. "ಅಲ್ಲೇ, ಎಲ್ಲರ ಮುಂದೆ ಹೇಳ್ತೀನಿ."

ಗುಂಡಿಯ ಪಕ್ಕದಲ್ಲಿ ಪೆಟ್ಟಿಗೆ ಇಳಿಸಿದರು. ಜನ ಸುತ್ತ ನಿಂತರು. ಸಿದ್ಧ ಮಾಡಿಕೊಂಡು ಬಂದಿದ್ದ ಭಾಷಣದ ಒಂದಕ್ಷರವೂ ಉಪದೇಶಿಯ ಬಾಯಿಗೆ ಬರಲಿಲ್ಲ.

"ಇವನು ನನ್ನನ್ನ ಒಂದು ಪ್ರಶ್ನೆ ಕೇಳಿದ್ದ" ಎಂದ ಕೊನೆಗೆ. "ನನ್ನಂಥವನನ್ನ ಯೇಸು ಏನ್ ಮಾಡ್ತಾನೆ ಅಂತ. ನಾನು ಹೇಳಲಿಲ್ಲ. ಬೇರೆ ಏನೇನೋ ಹೇಳ್ದೆ. ಹೇಳಬೇಕಾಗಿದ್ದು ಇಷ್ಟು. ಯೇಸು ಇವನಂಥವರಿಗಾಗಿಯೇ ಬಂದ. ಇವನ ತಪ್ಪನ್ನೆಲ್ಲ ತಾನು ಹೊತ್ಕೊಂಡು ಸತ್ತ, ಮತ್ತೆ ಎದ್ದ. ಬಾ ಅಂತ ಕರೀತಾನೆ. ನಡುಗ್ತಾ ಬಂದ್ರೂ ಅಪ್ಪಿಕೊಳ್ತಾನೆ. ನೆತ್ತಿ ಮುಳುಗಿಸಿ ಧೈರ್ಯ ತೋರಿಸು ಅನ್ನಲ್ಲ. ಬಾಗಿಲಿಗೆ ಅಡ್ಡ ನಿಂತೋನು ನಾನು, ಅವನಲ್ಲ."

ಪೇಂಟರನ ಹೆಂಡತಿ ಇನ್ನೂ ಏನೋ ಬರಬಹುದೆಂದು ಕಾದು ನಿಂತಿದ್ದಳು.

"ಇಷ್ಟೇನಾ ಅಣ್ಣಾ?"

"ಇಷ್ಟೇ ಅಮ್ಮ."

"ಮತ್ತೆ ಇಷ್ಟನ್ನ ಅವರಿಗ್ಯಾಕೆ ಹೇಳ್ಲಿಲ್ಲ?"

ಬೈದದ್ದಲ್ಲ. ತಿಳಿಯದೆ ಕೇಳಿದ್ದು.

ಗುಂಡಿ ತೋಡಿದವನು ಹಗ್ಗ ಬಿಚ್ಚುತ್ತಾ, "ಸ್ವಲ್ಪ ನೀರು ಒಸರಿದೆ. ಈ ಜಾಗಾನೇ ಹಾಗೆ. ಪರವಾಗಿಲ್ಲ, ಇಳಿಸಿಬಿಡೋಣ" ಎಂದ.

ಅವಳು ಓಡಿಬಂದು ಗುಂಡಿಯೊಳಗೆ ಇಣುಕಿದಳು. ತಳದಲ್ಲಿ ಕೆಂಪು ನೀರು ನಿಂತಿತ್ತು.

"ಬೇಡ! ಅವರನ್ನ ನೀರಲ್ಲಿ ಇಡಬೇಡಿ! ಹೆದರ್ಕೋತಾರೆ!"

"ಸತ್ತೋರಿಗೆ ಎಂಥ ಹೆದರಿಕೆ ಅಕ್ಕಾ" ಎಂದು ಭಾವಮೈದ ಅವಳ ತೋಳು ಹಿಡಿದುಕೊಂಡ.

ಉಪದೇಶಿ ಅಂಚಿನಲ್ಲಿ ಕೂತು, ಕಾಲು ಇಳಿಬಿಟ್ಟು, ಕೋಟಿನ ಸಮೇತ ಒಳಗೆ ಜಾರಿದ. ನೀರು ಕಣಕಾಲಿನವರೆಗೆ ಬಂತು. "ಏನಾದ್ರೂ ಕೊಡಿ" ಎಂದು ಕೈ ಮೇಲೆತ್ತಿದ. ಗುಂಡಿ ತೋಡಿದವನು ಮಣ್ಣು ಹೊರುವ ಬಾಂಡ್ಲಿ ಕೊಟ್ಟ. ಉಪದೇಶಿ ಬಗ್ಗಿ ನೀರು ಗೋರಿ ಮೇಲೆತ್ತಿದ. ಬಡಗಿ ಅಂಚಿನಲ್ಲಿ ಮಂಡಿಯೂರಿ, ಬಾಂಡ್ಲಿ ಇಸಿದುಕೊಂಡು ದೂರ ಚೆಲ್ಲಿ, ಬರಿದು ಮಾಡಿ ವಾಪಸು ಕೊಟ್ಟ.

ಬಗ್ಗಿ ಎದ್ದು ಉಪದೇಶಿಯ ಸೊಂಟ ಬಿದ್ದುಹೋಗುತ್ತಿತ್ತು. ಕೋಟಿನ ತೋಳಿನೊಳಗೆ ಕೆಸರು ಇಳಿಯುತ್ತಿತ್ತು. ಮೇಲೆ ಪೆಟ್ಟಿಗೆ ಕಾಯುತ್ತಿತ್ತು, ಜನ ಕಾಯುತ್ತಿದ್ದರು. ಅವನು ಗೋರಿ ಗೋರಿ ಕೊಡುತ್ತಲೇ ಇದ್ದ. ಗುಂಡಿಯ ಗೋಡೆಯಿಂದ ನೀರು ಸಣ್ಣಗೆ ಒಸರುತ್ತಲೇ ಇತ್ತು.