ಬ್ಯಾರಿ ತಡೆಯುತ್ತಿದ್ದ ಜಾಗ

ವಯರು ಕಳಚಿ ಬಿದ್ದದ್ದು ಕೊನೆಯ ಹಾಡಿನ ಎರಡನೇ ಚರಣದಲ್ಲಿ. ಕ್ಲಿಫರ್ಡ್ ಗಾರ್ಸೈಡ್ ಐವತ್ತು ವರ್ಷಗಳ ಹಿಂದಿನಿಂದಲೂ, ಆ ಹಾಡು ನುಡಿಸಿದಾಗಲೆಲ್ಲ, ಆ ಚರಣಕ್ಕೆ ಸರಿಯಾಗಿ ಒಂದು ಹೆಜ್ಜೆ ಮುಂದಿಡುತ್ತ ಬಂದವನು. ಇವತ್ತೂ ಇಟ್ಟ, ಕಾಲು ವಯರಿನ ಮೇಲೆ ಬಿತ್ತು, ಬೇಸ್ ಗಿಟಾರಿಗೆ ಚುಚ್ಚಿದ್ದ ತುದಿ ಕಿತ್ತು ಬಂದು ನೆಲಕ್ಕೆ ಬಿತ್ತು. ಅವನ ಬೆನ್ನ ಹಿಂದಿದ್ದ ಸ್ಪೀಕರು ಮೂಕಾಯಿತು. ಆದರೆ ಬೇಸ್ ನಿಲ್ಲಲಿಲ್ಲ. ಸಭಾಂಗಣದ ದೊಡ್ಡ ಸ್ಪೀಕರುಗಳಿಂದ ಅದು ದುಂಡಗೆ, ಒಂದು ಏಟೂ ತಪ್ಪದೆ ಬರುತ್ತಲೇ ಇತ್ತು.

ಅವನು ಎರಡೂ ಕೈಗಳನ್ನು ತಂತಿಗಳಿಂದ ತೆಗೆದ. ಆಗಲೂ ಬರುತ್ತಿತ್ತು.

ಇಂಗ್ಲೆಂಡಿನ ಸ್ಕೆಗ್ನೆಸ್ ಊರಿನ ಕಡಲದಂಡೆಯ ಥಿಯೇಟರು, ಶನಿವಾರ ಮಧ್ಯಾಹ್ನದ ಆಟ, ಐನೂರು ನರೆತ ತಲೆಗಳು. ಅಷ್ಟು ಜನರಲ್ಲಿ ಒಬ್ಬನಾದರೂ ಅವನ ಕೈ ನೋಡಬೇಕಲ್ಲ? ಇಲ್ಲ. ಎಲ್ಲರೂ ಕಣ್ಣು ಮುಚ್ಚಿ, ಬಾಯಿ ತೆರೆದು, ತಮ್ಮ ತಮ್ಮ ಹದಿನೆಂಟನೇ ವಯಸ್ಸಿಗೆ ಹೊರಟುಹೋಗಿದ್ದರು. ಕ್ಲಿಫರ್ಡ್ ಕೈಗಳನ್ನು ಮತ್ತೆ ತಂತಿಗಳ ಮೇಲಿಟ್ಟು, ಹಾಡು ಮುಗಿಯುವವರೆಗೂ ಸುಮ್ಮನೆ ಬೆರಳಾಡಿಸಿದ. ಕೊನೆಗೆ ತಲೆಬಾಗಿ ನಮಸ್ಕರಿಸಿದ್ದೂ ಆಯಿತು.

ಟಿನ್ ಚಾಪೆಲ್ ಎಂಬ ಈ ಬ್ಯಾಂಡನ್ನು 1971ರಲ್ಲಿ ಕಟ್ಟಿದವರು ರಾದರಮ್‌ನ ಒಂದೇ ಬೀದಿಯ ಮೂವರು, ಉಕ್ಕಿನ ಕಾರ್ಖಾನೆಯಲ್ಲಿ ಒಂದೇ ಪಾಳಿಯವರು. ಬೇಸಿಗೆ ಕ್ಲಿಫರ್ಡ್, ಗಿಟಾರಿಗೆ ರಾಯ್ ಟ್ಯಾಟರ್ಸಲ್, ಡ್ರಮ್ಮಿಗೆ ಬ್ಯಾರಿ ವಾರ್ಡಲ್. ಹಾಡುವವರು ಬಂದರು, ಹೋದರು. ಅವರ ಹೆಸರು ಅವರ ತಾಯಂದಿರಿಗೆ ಮಾತ್ರ ನೆನಪು. 1974ರಲ್ಲಿ ‘ಮಾಲ್ಟ್‌ಬಿಯ ಕೊನೆಯ ಬಸ್ಸು’ ಎಂಬ ಇವರ ಹಾಡು ಎರಡು ವಾರ ದೇಶದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಒಂಬತ್ತನೆಯದಾಗಿತ್ತು. ಹೆಸರಾದದ್ದು ಅದೊಂದೇ ಹಾಡು, ಇವತ್ತಿಗೂ ಆಟ ಮುಗಿಯುವುದು ಅದರಿಂದಲೇ. ಅದರ ಬಲದ ಮೇಲೆ ಅಮೆರಿಕಕ್ಕೆ ಹೋಗಿ, ಓಹಾಯೋದಲ್ಲಿ ಖಾಲಿ ಕುರ್ಚಿಗಳಿಗೆ ನುಡಿಸಿ, ಬಾಯಿ ಮುಚ್ಚಿಕೊಂಡು ವಾಪಸು ಬಂದರು. ಆಮೇಲೆ ಕಿವಿಗೆ ಪಿನ್ನು ಚುಚ್ಚಿಕೊಂಡ, ಹೊಸ ಬಗೆಯ ಅಬ್ಬರದ ಹಾಡಿನ ಹುಡುಗರು ಬಂದು ಇಂಥವರನ್ನೆಲ್ಲ ಗುಡಿಸಿಹಾಕಿದರು. 1979ರ ಚಳಿಗಾಲದಲ್ಲಿ, ಹಿಮಗಟ್ಟಿದ ರಸ್ತೆಯಲ್ಲಿ ವ್ಯಾನು ಉರುಳಿ ಬ್ಯಾರಿ ಸತ್ತ. ಅಲ್ಲಿಂದ ಹತ್ತೊಂಬತ್ತು ವರ್ಷ ಬ್ಯಾಂಡೇ ಇರಲಿಲ್ಲ. ಕ್ಲಿಫರ್ಡ್ ಬಸ್ಸು ಓಡಿಸಿದ, ನಿಜವಾದ ಬಸ್ಸು. ರಾಯ್ ಕಾರ್ಪೆಟ್ ಮಾರಿದ. ಹಳೆಯದಕ್ಕೆ ಮತ್ತೆ ಕಾಲ ಬಂದಾಗ ಕಡಲತೀರದ ಊರುಗಳು ಇವರನ್ನು ಕರೆದವು, ಹೋದರು.

ಆಟ ಮುಗಿದ ಮೇಲೆ ಹೊರಗೆ ಫೋಟೋಗಳಿಗೆ ಸಹಿ ಹಾಕುವ ಮೇಜಿನ ಹತ್ತಿರ ಒಬ್ಬ ದಢೂತಿ ಮನುಷ್ಯ ಕ್ಲಿಫರ್ಡನ ಹೆಗಲು ಹಿಡಿದ. “ಗುರುವೇ, ಉಳಿದೋರೆಲ್ಲ ಸೋತವ್ರೆ. ನಿನ್ನ ಬೇಸ್ ಮಾತ್ರ ಚೂರೂ ಅಲ್ಲಾಡಿಲ್ಲ ನೋಡು,” ಅಂದ. ಕ್ಲಿಫರ್ಡ್ ಸಹಿ ಹಾಕಿದ. ಪೆನ್ನು ಹಿಡಿದ ಕೈ ನಡುಗುತ್ತಿದ್ದದ್ದನ್ನು ಆ ಪುಣ್ಯಾತ್ಮ ಕಡಲಗಾಳಿಯ ಚಳಿಗೆ ಅಂದುಕೊಂಡ.

ಒಳಗೆ ಕಲಾವಿದರ ಕೋಣೆಯಲ್ಲಿ ರಾಯ್ ಚಹಾ ಕುಡಿಯುತ್ತ ಹಂದಿಮಾಂಸದ ಪೈ ತಿನ್ನುತ್ತಿದ್ದ. ಕ್ಲಿಫರ್ಡ್ ಬಾಗಿಲು ಮುಚ್ಚಿದ.

“ಎಷ್ಟು ದಿನದಿಂದ?”

ಏನು ಎಂದು ರಾಯ್ ಕೇಳಲಿಲ್ಲ. ಅಷ್ಟರ ಮಟ್ಟಿಗೆ ಮರ್ಯಾದಸ್ಥ. “ಮಾರ್ಚಿಂದ,” ಅಂದ.

“ಯಾರು ನುಡಿಸೋದು?”

“ಗ್ಲೆನ್. ಪರದೆ ಹಿಂದೆ ಕೂತ್ಕೊಂಡು. ನಿಂದು ನಿನ್ನ ಬೆನ್ನ ಹಿಂದಿನ ಸ್ಪೀಕರಿಗೆ ಮಾತ್ರ ಹೋಗೋದು.”

ಗ್ಲೆನ್ ಎಂದರೆ ಇವರ ವ್ಯಾನು ಓಡಿಸಿ, ಸ್ಪೀಕರು ಹೊತ್ತು, ದಿನಾ ಕ್ಲಿಫರ್ಡನ ಗಿಟಾರಿಗೆ ಶ್ರುತಿ ಕೂಡಿಸಿ ಕೈಗೆ ಕೊಡುವವನು. ಐವತ್ತು ದಾಟಿದ, ಮಾತು ಕಡಿಮೆಯ ಆಸಾಮಿ. ಇವತ್ತು ಬೆಳಗ್ಗೆಯೂ ಶ್ರುತಿ ಮಾಡಿ ಕೊಟ್ಟಿದ್ದ.

“ಹೇಳೋಕೆ ನಿಂಗೇನು ಬಾಯಿರ್ಲಿಲ್ವಾ?”

“ಏನಂತ ಹೇಳ್ಲಿ? ಕೈ ನಡುಗೋ ಕಾಯಿಲೆ ಅಂತ ಡಾಕ್ಟ್ರು ಹೇಳಿದ್ದನ್ನೇ ನೀನು ನಂಬ್ಲಿಲ್ಲ. ಹಲ್ ಊರಿನ ಆಟದಲ್ಲಿ ಅರ್ಧ ಹಾಡು ಗಿಟಾರಿನ ತಪ್ಪು ಮನೇಲಿ ಬೆರಳಿಟ್ಟು ಅಪಸ್ವರ ನುಡಿಸ್ದೆ ಕಣೋ. ನಿಂಗೆ ಅದು ಕೇಳಿಸ್ಲೂ ಇಲ್ಲ.”

“ನನ್ನ ಊರಿಗೆ ಕಳಿಸ್ಬೋದಿತ್ತು.”

“ಕಳಿಸಿ? ಪೋಸ್ಟರ್ ಓದಿದ್ದೀಯಾ? ಮೊದಲಿಂದ ಇದ್ದ ಇಬ್ಬರು ಅಂತ ಹಾಕಿದಾರೆ. ಒಬ್ಬನೇ ಅಂದ್ರೆ ಥಿಯೇಟರಿನೋರು ಹತ್ತಿರ ಸೇರಿಸಲ್ಲ. ನೀನು ಪಕ್ಕದಲ್ಲಿ ನಿಂತ್ರೆ ನಾನು ಟಿನ್ ಚಾಪೆಲ್. ಇಲ್ದಿದ್ರೆ ಕಾರ್ಪೆಟ್ ಮಾರ್ತಿದ್ದ ಮುದುಕ.”

“ಹಾಗಾದ್ರೆ ನಾನು ಬೆರ್ಚಪ್ಪ.”

“ಬೆರ್ಚಪ್ಪಾನೇ ಅನ್ಕೋ. ಹೊಲ ಉಳೀತಲ್ಲ.”

ಕ್ಲಿಫರ್ಡ್ ಕುರ್ಚಿಯಲ್ಲಿ ಕುಸಿದು ಕೂತ. ಬಯ್ಯಬೇಕೆಂದೇ ಬಂದಿದ್ದ. ಆದರೆ ಬಯ್ಯುವ ಹಕ್ಕು ತನಗಿಲ್ಲ ಎಂಬುದು ಅವನಿಗೆ ವೇದಿಕೆಯ ಮೇಲೆಯೇ ಹೊಳೆದಿತ್ತು.

1974ರಲ್ಲಿ, ಲಂಡನ್ನಿನ ಸ್ಟುಡಿಯೋದಲ್ಲಿ, ಆ ಹಾಡನ್ನು ರೆಕಾರ್ಡು ಮಾಡಿಸುತ್ತಿದ್ದ ಯಜಮಾನ ಬ್ಯಾರಿಯ ಡ್ರಮ್ಮು ಕುಂಟುತ್ತದೆ ಅಂದಿದ್ದ. ದಿನಗೂಲಿಗೆ ಬಂದು ಯಾರ ಹಾಡಿಗೆ ಬೇಕಾದರೂ ಬಾರಿಸಿ ಹೋಗುವ ಒಬ್ಬನನ್ನು ಕರೆಸಬೇಕು, ಆದರೆ ಬ್ಯಾರಿ ಎದುರಿಗಿರಬಾರದು. ಉಪಾಯ ಹೂಡಿದವನು ಕ್ಲಿಫರ್ಡ್. “ನಿನ್ನದು ಆಗ್ಲೇ ಚೆನ್ನಾಗಿ ಬಂತು ಕಣೋ, ಹೋಗಿ ವ್ಯಾನಿನ ಸೈಲೆನ್ಸರ್ ರಿಪೇರಿ ಮಾಡಿಸ್ಕೊಂಡು ಬಾ,” ಎಂದು ಸಾಗಹಾಕಿದ್ದ. ಬ್ಯಾರಿ ಕೈಗೆಲ್ಲ ಮಸಿ ಮೆತ್ತಿಕೊಂಡು ವಾಪಸಾಗುವಷ್ಟರಲ್ಲಿ ಇನ್ನೊಬ್ಬನು ಬಾರಿಸಿ ಹೋಗಿಯಾಗಿತ್ತು. ಆಮೇಲೆ ಐದು ವರ್ಷ, ಯಾವ ಪಬ್ಬಿನಲ್ಲಿ ಆ ಹಾಡು ಬಂದರೂ ಬ್ಯಾರಿ ಮೇಜು ಕುಟ್ಟಿ “ಇದು ನಾನು” ಅನ್ನುತ್ತಿದ್ದ. ಕ್ಲಿಫರ್ಡ್ ಪಕ್ಕದಲ್ಲೇ ಕೂತು ಹೌದೌದು ಅನ್ನುತ್ತಿದ್ದ.

“ಬ್ಯಾರಿ ಗೊತ್ತಾಗದೇ ಸತ್ತ,” ಅಂದ ಕ್ಲಿಫರ್ಡ್. “ಪುಣ್ಯವಂತ.”

ರಾಯ್ ಪೈಯನ್ನು ತಟ್ಟೆಯಲ್ಲಿಟ್ಟ.

“ಅವನಿಗೆ ಗೊತ್ತಿತ್ತು ಕ್ಲಿಫ್.”

“ಯಾರು ಹೇಳಿದ್ರು?”

“ಹೇಳ್ಬೇಕಾ? ರೇಡಿಯೋದಲ್ಲಿ ಮೊದಲನೇ ಸಲ ಬಂದಾಗ್ಲೇ ಗೊತ್ತಾಯ್ತಂತೆ. ಎರಡನೇ ಚರಣದ ಕೊನೇಲಿ ಅವನು ಒಂಚೂರು ತಡೀತಿದ್ದ ನೋಡು, ಅದು ಅದರಲ್ಲಿಲ್ಲ. ನನ್ನ ಕೈ ನಂಗೆ ಗೊತ್ತಾಗಲ್ವೇನೋ, ಅಂದ.”

“ಮತ್ತೆ ಮೇಜು ಕುಟ್ತಿದ್ನಲ್ಲ.”

“ನಿಂಗೋಸ್ಕರ ಕುಟ್ತಿದ್ದ. ಕ್ಲಿಫ್‌ಗೆ ಹೇಳ್ಬೇಡ, ಪಾಪ, ಬ್ಯಾಂಡಿಗೆ ಒಳ್ಳೇದು ಮಾಡ್ದೆ ಅನ್ಕೊಂಡಿದಾನೆ, ಅಂದ.”

ಕ್ಲಿಫರ್ಡನಿಗೆ ಅಳು ಬರಲಿಲ್ಲ. ನಾಚಿಕೆಯಾಯಿತು, ಎಪ್ಪತ್ತೆರಡನೇ ವಯಸ್ಸಿನಲ್ಲಿ ಮೈಯೆಲ್ಲ ಬಿಸಿಯಾಗುವಂಥ ನಾಚಿಕೆ. ರಾಯ್ ಚಹಾ ಬಗ್ಗಿಸಿ ಕೊಟ್ಟ. ಸಾಸರಿನ ಮೇಲೆ ಕಪ್ಪು ಗಿಲಗಿಲ ಅನ್ನುತ್ತಿದ್ದುದರಿಂದ ಅವನು ಕುಡಿಯದೆ ಕೆಳಗಿಟ್ಟ.

“ನಾಳೆ ಬ್ರಿಡ್ಲಿಂಗ್ಟನ್ನಿನ ಆಟಕ್ಕೆ ಬರ್ತೀಯಾ?” ರಾಯ್ ಕೇಳಿದ.

ಕ್ಲಿಫರ್ಡ್ ಭಾನುವಾರ ಬೆಳಗ್ಗೆ ಎಲ್ಲರಿಗಿಂತ ಮೊದಲು ವ್ಯಾನಿನಲ್ಲಿ ಕೂತಿದ್ದ.

ಬ್ರಿಡ್ಲಿಂಗ್ಟನ್ನಿನಲ್ಲಿ ಆಟ ಶುರುವಾಗಲು ಹತ್ತು ನಿಮಿಷವಿದ್ದಾಗ ಅವನು ಪರದೆಯ ಹಿಂದೆ ಹೋದ. ಗ್ಲೆನ್ ಮಡಿಸುವ ಕುರ್ಚಿಯ ಮೇಲೆ, ತೊಡೆಯಲ್ಲಿ ಬೇಸ್ ಇಟ್ಟುಕೊಂಡು ಕೂತಿದ್ದ. ಇವನನ್ನು ಕಂಡು ಗಡಬಡಿಸಿ ಎದ್ದ.

“ಕೂತ್ಕೋ. ನಿನ್ನೆ ಕೇಳ್ದೆ, ಚೆನ್ನಾಗಿ ನುಡಿಸ್ತೀಯ,” ಅಂದ ಕ್ಲಿಫರ್ಡ್. “ಕೊನೇ ಹಾಡಲ್ಲಿ ಒಂದೇ ಒಂದು ಕಡೆ ಸರಿ ಇಲ್ಲ. ಎರಡನೇ ಚರಣ ಮುಗಿಯೋ ಕಡೆ ಓಡ್ಬೇಡ. ಬ್ಯಾರಿ ಅಲ್ಲಿ ಒಂಚೂರು ತಡೀತಿದ್ದ. ನಾನು ಅವನಿಗೆ ಕಾಯ್ತಿದ್ದೆ.”

“ರೆಕಾರ್ಡಲ್ಲಿ ಹಾಗಿಲ್ವಲ್ಲ ಕ್ಲಿಫ್?”

“ರೆಕಾರ್ಡಲ್ಲಿರೋದು ಬ್ಯಾರಿ ಅಲ್ಲ.”

ಐವತ್ತು ವರ್ಷದಲ್ಲಿ ಆ ಮಾತನ್ನು ಅವನು ಹೊರಗಿನವರ ಮುಂದೆ ಆಡಿದ್ದು ಅದೇ ಮೊದಲು. ಗ್ಲೆನ್ ತಲೆಯಾಡಿಸಿದ.

ಆಟ ನಡೆಯಿತು. ಕ್ಲಿಫರ್ಡ್ ವಯರನ್ನು ಗಿಟಾರಿಗೆ ಚುಚ್ಚದೆ, ಸುತ್ತಿ ಸ್ಪೀಕರಿನ ಮೇಲಿಟ್ಟಿದ್ದ. ಯಾರೂ ಅದನ್ನು ಗಮನಿಸಲಿಲ್ಲ. ಕೊನೆಯ ಹಾಡಿನ ಎರಡನೇ ಚರಣಕ್ಕೆ ಸರಿಯಾಗಿ ಒಂದು ಹೆಜ್ಜೆ ಮುಂದಿಟ್ಟ. ಚರಣ ಮುಗಿಯುವಲ್ಲಿ ದೊಡ್ಡ ಸ್ಪೀಕರುಗಳ ಬೇಸ್ ಒಂಚೂರು ತಡೆಯಿತು. ಹೋದ ವರ್ಷ ಸೇರಿದ ಡ್ರಮ್ಮಿನವನು ಒಬ್ಬನೇ ಮುಂದೆ ಹೋಗಿಬಿಟ್ಟು, ತಪ್ಪಿದ್ದು ಯಾರೆಂದು ತಿಳಿಯದೆ ಇತ್ತ ತಿರುಗಿ ನೋಡಿದ. ಕ್ಲಿಫರ್ಡನ ಬೆರಳುಗಳು ತಂತಿಗಳಿಂದ ಒಂದಂಗುಲ ಮೇಲೆ, ಸಣ್ಣಗೆ ನಡುಗುತ್ತ, ಕಾಯುತ್ತಿದ್ದವು.