ಅಪ್ಪ ಕತ್ತಿ ತಾಗಿಸದ ವಿಲ್ಲೋ

ಅಪ್ಪ ಬುಟ್ಟಿ ಹೆಣೆಯುತ್ತಿದ್ದರು. ನಮ್ಮ ಬಚ್ಚಲಿನ ತೊಟ್ಟಿಯಲ್ಲಿ ಸದಾ ವಿಲ್ಲೋ ಮರದ ಬಳುಕುವ ಕಡ್ಡಿಗಳು ಹೆಣಿಗೆಗೆಂದು ನೆನೆಯುತ್ತಿದ್ದವು. ನಾವು ಮಕ್ಕಳು ಅವುಗಳ ಪಕ್ಕದಲ್ಲೇ ಮೈ ತೊಳೆದುಕೊಂಡು, ಹಸಿ ತೊಗಟೆಯ ವಾಸನೆ ಹೊತ್ತೇ ಶಾಲೆಗೆ ಹೋಗುತ್ತಿದ್ದೆವು.

ವಿಲ್ಲೋದಲ್ಲಿ ಎರಡು ಜಾತಿಗಳನ್ನು ಅವರು ಗುರುತು ಹಿಡಿಯಲು ಕಲಿಸಿದ್ದರು. ನೋಡಲು ಅಕ್ಕತಂಗಿಯರ ಹಾಗೆ. ಬಿಳಿ ವಿಲ್ಲೋ ಎಲೆಯ ಬೆನ್ನು ರೇಷ್ಮೆಯಂತೆ ಬೆಳ್ಳಗೆ. ಮುರುಕು ವಿಲ್ಲೋ ಎಲೆ ನುಣ್ಣಗೆ, ಹಸಿರು. ಎಲೆ ಉದುರಿದ ಮೇಲೆ ಕಡ್ಡಿಯನ್ನು ಬುಡದಲ್ಲಿ ಒತ್ತಿ ನೋಡಬೇಕು. ಬಿಳಿಯದು ಬಾಗುತ್ತದೆ, ಮುರುಕು ಚಟ್ಟನೆ ಕಳಚಿ ಬರುತ್ತದೆ, ಬುಟ್ಟಿಗೆ ಆಗದು.

ಕಾಲುವೆ ದಾರಿಯಲ್ಲಿ ಎರಡು ಮರಗಳಿದ್ದವು. ಒಂದರಿಂದ ಅಪ್ಪ ಪ್ರತಿ ವರ್ಷ ಕಡ್ಡಿ ಕೊಯ್ಯುತ್ತಿದ್ದರು. ಇನ್ನೊಂದು ನಾನು ಹುಟ್ಟಿದ ವಾರ ನೆಟ್ಟದ್ದು. ಅದಕ್ಕೆ ಕತ್ತಿ ತಾಗಿಸುತ್ತಿರಲಿಲ್ಲ. ಎಲ್ಲ ನನ್ನ ಮೇಲಿನ ಮುದ್ದಿಗೆ ಎಂದು ತಮ್ಮಂದಿರ ಮುಂದೆ ಎಷ್ಟು ಮೆರೆದಿದ್ದೆ!

ಈ ವರ್ಷ ಕಾಲುವೆಯ ಮೇಲ್ಭಾಗದಲ್ಲಿ ಮುರುಕು ವಿಲ್ಲೋ ಕೊಂಬೆಯೊಂದು ಶಾಲೆಗೆ ಹೋಗುವ ಮಗುವಿನ ಭುಜದ ಮೇಲೆ ಬಿತ್ತು. ದಾರಿಯುದ್ದಕ್ಕೂ ಆ ಜಾತಿಯನ್ನು ಕಡಿಯಬೇಕೆಂದು ಊರಲ್ಲಿ ತೀರ್ಮಾನವಾಯಿತು. ಮರ ಕಡಿಯುವ ಮೇಸ್ತ್ರಿ ನಮ್ಮ ಬಾಗಿಲಿಗೆ ಬಂದ. ಎಲೆಯಿಲ್ಲದೆ ಅವನಿಗೆ ಗುರುತು ಹತ್ತುತ್ತಿರಲಿಲ್ಲ. ಅಪ್ಪ ಈಗಿಲ್ಲ, ಬುಟ್ಟಿಯವರ ಮಗಳು ತೋರಿಸಿದ ಮರವನ್ನೇ ಕಡಿಯುತ್ತೇನೆ ಎಂದ. ಒಲೆ ಆರಿಸಿ ಹೊರಟೆ. ಅಪ್ಪನ ಅಕ್ಕ, ನಮ್ಮ ಅತ್ತೆ, ಶಾಲು ಹೊದ್ದು ಹಿಂದೆಯೇ ಬಂದರು.

ಅಪ್ಪ ಕೊಯ್ಯುತ್ತಿದ್ದ ಮರದ ಕಡ್ಡಿ ಬಾಗಿತು. ನನ್ನ ಮರವನ್ನು ಪರೀಕ್ಷಿಸಬೇಕೆಂದು ಅದುವರೆಗೆ ನನಗೆ ಅನ್ನಿಸಿರಲೇ ಇಲ್ಲ. ಒತ್ತಿದೆ. ಚಟ್ಟನೆ ಕೈಗೆ ಬಂತು.

“ಎರಡನೇ ವರ್ಷಕ್ಕೇ ನಿಮ್ಮಪ್ಪಂಗೆ ಗೊತ್ತಾಗಿತ್ತು ಕಣೇ,” ಎಂದರು ಅತ್ತೆ ಮೆಲ್ಲಗೆ. “ಮಗಳು ಹುಟ್ಟಿದ ಸಡಗರದಲ್ಲಿ ಯಾವುದೋ ಕಡ್ಡಿ ಚುಚ್ಚಿ ಬಂದಿದ್ದ. ಬುಟ್ಟಿಯವನಿಗೇ ಗಿಡ ಗೊತ್ತಾಗಲಿಲ್ಲ ಅಂತ ಜನ ನಗ್ತಾರೆ ಅಂತ ಬಾಯಿ ಹೊಲ್ಕೊಂಡ. ಕೀಳೋಕೂ ಮನಸ್ಸು ಬರಲಿಲ್ಲ.”

ನಗು ಬಂತು. ಮೇಸ್ತ್ರಿ ಆಚೆ ಗರಗಸ ಇಳಿಸುತ್ತಿದ್ದ, ಅವನು ನೋಡಿರಲಿಲ್ಲ. ಎರಡೂ ಬಿಳಿಯವೇ ಎಂದರೆ ನನ್ನ ಮರ ಉಳಿಯುತ್ತಿತ್ತು. ಅತ್ತೆ ಕಾಲುವೆಯ ಕಡೆ ಮುಖ ತಿರುಗಿಸಿದರು. ದಾರಿಯ ತಿರುವಿನಲ್ಲಿ ಶಾಲೆಯ ಮಕ್ಕಳು ಒಬ್ಬರನ್ನೊಬ್ಬರು ತಳ್ಳಾಡುತ್ತ ಬರುತ್ತಿದ್ದರು.

“ಇದೇ ಅಣ್ಣ, ಮುರಿಯೋದು,” ಎಂದೆ. “ಬುಡಕ್ಕೆ ಗರಗಸ ಹಾಕಬೇಡಿ. ಸೊಂಟದೆತ್ತರ ಬಿಡಿ. ವರ್ಷವರ್ಷ ಚಿಗುರು ನಾನೇ ಸವರ್ತೀನಿ, ದಪ್ಪ ಆಗೋಕೆ ಬಿಡಲ್ಲ.”

ಅವನು ನನ್ನ ಸೊಂಟದ ಮಟ್ಟಕ್ಕೆ ಕಾಂಡದ ಮೇಲೆ ಸೀಮೆಸುಣ್ಣದ ಗೆರೆ ಎಳೆದ. ಇವಳು ಗಿಡ್ಡಿ, ಇನ್ನೊಂದು ಗೇಣು ಮೇಲೆ ಎಳೆಯಪ್ಪ ಎಂದರು ಅತ್ತೆ.

ಅವನು ಅಳಿಸಿ, ಮೇಲೆ ಎಳೆದ.