ಕ್ಯಾಮೆರಾ ಮುಂದೆ ಕೆಮ್ಮದ ಗಂಡ

ನನ್ನ ಗಂಡನ ಕೆಮ್ಮು ಇಡೀ ಬೀದಿಗೆ ಗೊತ್ತಿತ್ತು, ಕ್ಯಾಮೆರಾಕ್ಕೆ ಮಾತ್ರ ಗೊತ್ತಾಗಲಿಲ್ಲ. ಅಡುಗೆಮನೆ ಕಟ್ಟೆಗೆ ಹಾಸುವ ಕಲ್ಲು ಕೊಯ್ಯುವುದು ಅವರ ಕೆಲಸ. ನೀರಿಲ್ಲದೆ ಗರಗಸ ಓಡಿಸಿದರೆ ಧೂಳು ಏಳುತ್ತದೆ, ಎದೆಗೆ ಇಳಿದ ಧೂಳು ಮತ್ತೆ ಹೊರಗೆ ಬರುವುದಿಲ್ಲ. ಗರಗಸಕ್ಕೊಂದು ನೀರಿನ ಪೈಪು ಹಾಕಿಸಿ ಎಂದು ಕೇಳಿ ಕೇಳಿ ಕೆಲಸಗಾರರ ಬಾಯಿ ಒಣಗಿತ್ತು. ಉಪ್ಪು ತಿಂದವರು ನೀರು ಕುಡಿಯಲೇಬೇಕು ಅನ್ನುತ್ತಾರೆ. ನಮ್ಮಲ್ಲಿ ಉಪ್ಪು ತಿಂದದ್ದು ಮಾಲೀಕ, ನೀರು ಕುಡಿದದ್ದು ನಾವು.

ಅಷ್ಟರಲ್ಲಿ ಸಾಕ್ಷ್ಯಚಿತ್ರ ತೆಗೆಯುವ ಹುಡುಗಿ ಬಂದಳು. ಜನ ನೋಡಿದರೆ ಅಧಿಕಾರಿಗಳು ಏಳುತ್ತಾರೆ, ಅವರು ಎದ್ದರೆ ಪೈಪು ಬರುತ್ತದೆ ಎಂದು ನಂಬಿದ್ದಳು. ಇವರೂ ನಂಬಿದರು. ಇಸ್ತ್ರಿ ಅಂಗಿ ತೊಟ್ಟು, ತಲೆ ಬಾಚಿ, ಮದುವೆ ಗಂಡಿನ ಹಾಗೆ ಕುಳಿತರು. ಕ್ಯಾಮೆರಾದ ಕೆಂಪು ದೀಪ ಹತ್ತಿದರೆ ಸಾಕು, ಕೆಮ್ಮು ಮಂಗಮಾಯ. ಕತ್ತಿನ ನರ ಉಬ್ಬುತ್ತಿತ್ತು, ಕಣ್ಣು ತುಂಬುತ್ತಿತ್ತು, ಬಾಯಲ್ಲಿ ಮಾತ್ರ ತಮಾಷೆ. ದೀಪ ಆರಿದೊಡನೆ ಹಿತ್ತಲಿಗೆ ಓಡುವರು, ಹಿಂದೆಯೇ ನಾನು ನೀರಿನ ಲೋಟ ಹಿಡಿದು.

"ರೀ, ಅವಳು ಬಂದಿರೋದೇ ಕಾಯಿಲೆ ತೋರ್ಸೋಕೆ. ಇದೇನು ಫೋಟೋ ಸ್ಟುಡಿಯೋನಾ?" ಎಂದು ರೇಗಿದೆ.

"ಸುಮ್ನಿರೇ. ಜನ ನನ್ನ ಮಾತು ಕೇಳ್ಲಿ. ಕೆಮ್ಮು ಕೇಳಿದ್ರೆ ಅಯ್ಯೋ ಪಾಪ ಅಂತಾರೆ. ನಾನು ಕೇಳ್ತಿರೋದು ಪೈಪು, ಭಿಕ್ಷೆ ಅಲ್ಲ."

ಚಿತ್ರದವರದ್ದೊಂದು ಪದ್ಧತಿ ಇದೆ. ಮಾತೆಲ್ಲ ಮುಗಿದ ಮೇಲೆ ಬರೀ ಕೋಣೆಯ ಮೌನವನ್ನು ಮೈಕಿನಲ್ಲಿ ಹಿಡಿದುಕೊಳ್ಳುತ್ತಾರೆ. ಮಾತು ಕತ್ತರಿಸಿ ಜೋಡಿಸುವಾಗ ಸಂದಿಗೆ ತುಂಬಲು ಅದು ಬೇಕಂತೆ. ಕೊನೆಯ ದಿನ ಹುಡುಗಿ ಕ್ಯಾಮೆರಾ ಆರಿಸಿ ಅದರ ಕಣ್ಣಿಗೆ ಮುಚ್ಚಳ ಹಾಕಿದಳು. "ಸ್ವಲ್ಪ ಹೊತ್ತು ಯಾರೂ ಮಾತಾಡ್ಬೇಡಿ" ಎಂದಳು. ಮುಚ್ಚಳ ನೋಡಿದ ಇವರು ಎಲ್ಲ ಮುಗಿಯಿತು ಅಂದುಕೊಂಡರು. ಅಷ್ಟು ದಿನ ಅದುಮಿಟ್ಟದ್ದೆಲ್ಲ ಒಮ್ಮೆಲೇ ನುಗ್ಗಿತು. ಕೆಮ್ಮಿ ಕೆಮ್ಮಿ ಗೋಡೆ ಹಿಡಿದು, "ನೀರು ತಾರೇ" ಎಂದರು.

ಆಮೇಲೆ ಮೈಕು ಕಣ್ಣಿಗೆ ಬಿತ್ತು. "ಅದನ್ನ ಹಾಕ್ಬೇಡಮ್ಮ" ಎಂದರು. ನೀವು ಹೇಳದೆ ಹಾಕೋಲ್ಲ ಅಣ್ಣ ಎಂದು ಅವಳು ಮಾತು ಕೊಟ್ಟಳು.

ಚಿತ್ರ ಮುಗಿಯುವ ಮುಂಚೆಯೇ ಇವರು ಮುಗಿದರು. ನನ್ನ ಮನೆಯ ಸದ್ದೇ ನಿಂತುಹೋಯಿತು.

ಹುಡುಗಿ ಮತ್ತೆ ಬಂದಾಗ ನನ್ನ ಮುಖ ನೋಡಲಾರದೆ ನೆಲ ನೋಡುತ್ತಿದ್ದಳು. "ಅಕ್ಕಾ, ಚಿತ್ರದಲ್ಲಿ ಅಣ್ಣ ಗುಂಡುಕಲ್ಲಿನ ಹಾಗೆ ಕಾಣ್ತಾರೆ. ಜೋಡ್ಸಿದಷ್ಟು ನೋಡಿದ ಮಾಲೀಕರ ಕಡೆಯವರು ಅದನ್ನೇ ಹಿಡ್ಕೊಂಡು, ಧೂಳಿನಿಂದ ಏನೂ ಆಗಿಲ್ಲ ಅಂತಿದ್ದಾರೆ. ಆ ಕೆಮ್ಮು ಹಾಕ್ಲಾ?"

ಬೇಡ ಎಂದು ಇವರು ಹೇಳಿದ್ದರು. ಆ ಮಾತು ಮೀರಲು ನನಗೆ ಮನಸ್ಸಿರಲಿಲ್ಲ. ಆದರೆ ಇವರು ಬಿಟ್ಟ ಗರಗಸದ ಮುಂದೆ ಈಗ ನನ್ನ ಮೈದುನ ನಿಲ್ಲುತ್ತಿದ್ದ. ಅಷ್ಟು ಹೊತ್ತಿಗೆ ಅವನು ಹಿತ್ತಲಲ್ಲಿ ಕೈಕಾಲು ತೊಳೆಯುತ್ತಾ ಕೆಮ್ಮಿದ. ಅಣ್ಣನದೇ ಕೆಮ್ಮು, ಇನ್ನೂ ಎಳೆಯದು.

"ಹಾಕು" ಎಂದೆ. ಹೇಳಿದ ಮೇಲೆ ಅತ್ತುಬಿಟ್ಟೆ.

ಪೈಪು ಬಂತು. ಗರಗಸಗಳ ಮೇಲೆ ಈಗ ನೀರು ಹರಿಯುತ್ತದೆ, ಮೈದುನ ಒದ್ದೆ ಅಂಗಿಯಲ್ಲಿ ಮನೆಗೆ ಬರುತ್ತಾನೆ. ಎಲ್ಲರೂ ಚಿತ್ರ ಗೆದ್ದಿತು ಅನ್ನುತ್ತಾರೆ. ನಾನೂ ಹೂಂ ಅನ್ನುತ್ತೇನೆ. ನನಗೆ ನೆನಪಿರುವುದು ಅದನ್ನು ತೋರಿಸಿದ ಮಧ್ಯಾಹ್ನ ಮಾತ್ರ.

ಕೆಲಸಗಾರರ ಸಂಘದ ಸಭಾಂಗಣದಲ್ಲಿ ಕಿಟಕಿ ಪರದೆ ಎಳೆದಿದ್ದರು. ಮುಂದಿನ ಸಾಲಿನಲ್ಲಿ ಅಧಿಕಾರಿಗಳು, ಹಿಂದೆ ಮೈದುನನ ಪಕ್ಕ ನಾನು. ತೆರೆಯ ಮೇಲೆ ಇವರು ಏನೋ ತಮಾಷೆ ಹೇಳಿದರು, ಜನ ನಕ್ಕರು. ಆಮೇಲೆ ತೆರೆ ಕಪ್ಪಾಯಿತು. ಕತ್ತಲಲ್ಲಿ ಬರೀ ಕೆಮ್ಮು. ಕೆಮ್ಮಿ ಕೆಮ್ಮಿ, "ನೀರು ತಾರೇ" ಎಂದರು.

ನಾನು ಎದ್ದುಬಿಟ್ಟಿದ್ದೆ. ಜನರ ಮೊಣಕಾಲು ದಾಟಿಕೊಂಡು ಎರಡು ಕುರ್ಚಿ ಮುಂದಕ್ಕೂ ಹೋಗಿದ್ದೆ. ಮೈದುನ ಕೈ ಹಿಡಿದ.

"ಅತ್ತಿಗೆ, ಎಲ್ಲಿಗೆ?"

"ಬಿಡಪ್ಪ," ಎಂದೆ, "ನಿಮ್ಮಣ್ಣ ನೀರು ಕೇಳ್ತಿದ್ದಾರೆ."